ಬಾಯಿಯ ಮೇಲೊಂದು ಬೆರಳು

ಒಕ್ಸೆನ್ಯತ್ತೆ, ಈ ಕಾಗದ ನಿನ್ನನ್ನು ತಲುಪುವುದಿಲ್ಲ.
ಗಡಿಯ ಗೇಟಿಗೆ ಕಾಂಕ್ರೀಟಿನ ದಿಮ್ಮಿ ಅಡ್ಡ ಬಿದ್ದಿದೆ.
ಆದರೂ ನಿನ್ನ ಒಂದು ಚಮಚ ರಕ್ತ
ಇಲ್ಲಿ, ಯೊಯೆನ್ಸೂವಿನಲ್ಲಿ, ನನ್ನ ಬಳಿ ಇದೆ:
ಮೈನಸ್ ಎಂಬತ್ತರ ಪೆಟ್ಟಿಗೆಯ ನಾಲ್ಕನೇ ಅರೆ,
ಹೆಸರಿಲ್ಲ, ಸಂಖ್ಯೆ ಮಾತ್ರ.
ಸಂಖ್ಯೆಯ ಹಿಂದೆ ನೀನಿರುವುದು ನನಗೆ ಗೊತ್ತಿರಬಾರದು.
ಗೊತ್ತಿದೆ. ಅಂದು ಸೂಜಿ ಚುಚ್ಚಿದವಳು ನಾನೇ.
"ಇಷ್ಟಕ್ಕೆ ಇಷ್ಟು ದೂರ ಬಂದೆಯಾ" ಎಂದು ನಕ್ಕು
ಸೆಗಣಿಯ ಕೈ ಒರೆಸಿಕೊಂಡು ತೋಳು ನೀಡಿದ್ದೆ.

ಇಲ್ಲಿ ಮೇ ತಿಂಗಳು. ಬರ್ಚ್ ಮರಗಳು ಬಿರಿದಿವೆ.
ಕಾರಿನ ಬೆನ್ನಿಗೆ, ಕಿಟಕಿಯ ಅಂಚಿಗೆ, ನಾಯಿಯ ಮೂಗಿಗೆ
ಹಳದಿ ಹಿಟ್ಟು ಜರಡಿ ಹಿಡಿದ ಹಾಗೆ.
ಮೊಮ್ಮಗಳು ಐಲಿ ರಾತ್ರಿ ಎದ್ದು ಕೂರುತ್ತಾಳೆ. ಏಳು ವರ್ಷ.
ಅವಳ ಎದೆಯಲ್ಲಿ ಯಾರೋ
ನೆನೆದು ಉಬ್ಬಿದ ಬಾಗಿಲನ್ನು ತಳ್ಳುತ್ತಾರೆ, ಎಳೆಯುತ್ತಾರೆ, ತಳ್ಳುತ್ತಾರೆ,
ಪೂರ್ತಿ ತೆರೆಯುವುದಿಲ್ಲ.
ನೀಲಿ ಇನ್‌ಹೇಲರ್, ಎರಡು ಒತ್ತು, ಹತ್ತರವರೆಗೆ ಎಣಿಕೆ.
ಎಣಿಸುವುದು ನನ್ನ ಕಸುಬು.

ಒಂದು ಪರಾಗದ ಕಣ, ಅತ್ತೆ. ಗುಬ್ಬಿಗಿಂತ ಬಡಪಾಯಿ.
ಅದರ ಮೇಲೆ ಅವಳ ಮೈ ಬ್ರಹ್ಮಾಸ್ತ್ರ ಹೂಡುತ್ತದೆ.
ಒಳಗೆಲ್ಲ ಓಲೆಕಾರರ ಓಟ: ಹಗೆ ಬಂದ, ಲೋಳೆ ಸುರಿಯಿರಿ,
ಕೊಳವೆ ಬಿಗಿಯಿರಿ, ಇನ್ನಷ್ಟು ಜನರನ್ನು ಕರೆಯಿರಿ.
ಉಗುರಲ್ಲಿ ಹೋಗುವುದಕ್ಕೆ ಊರ ಕೊಡಲಿಯೆಲ್ಲ ಹೊರಗೆ.

ಇವರ ನಡುವೆ ಇದ್ದಾರೆ ಕೆಲವರು ಕುಳ್ಳರು.
ಪುಸ್ತಕದಲ್ಲಿ ಮೈಕ್ರೋ ಆರ್‌ಎನ್‌ಎ. ನನಗೆ ಕುಳ್ಳರೇ.
ಇಪ್ಪತ್ತೆರಡು ಅಕ್ಷರ ಉದ್ದ,
ಅದೂ ನಾಲ್ಕೇ ಅಕ್ಷರದ ಲಿಪಿಯಲ್ಲಿ.
ಏನನ್ನೂ ಕಟ್ಟುವವರಲ್ಲ, ಯಾವ ಸುದ್ದಿಯನ್ನೂ ಹೊರುವವರಲ್ಲ.
ಓಡುವ ಓಲೆಕಾರನ ಮಗ್ಗುಲಿಗೆ ಬಂದು
ಓಲೆಯ ಬಾಲಕ್ಕೆ ಅಂಟಿ
ಬಾಯಿಯ ಮೇಲೊಂದು ಬೆರಳಿಡುತ್ತಾರೆ:
ಶ್.
ಅಷ್ಟೇ. ಓಲೆ ಓದದೆ ಉಳಿದು, ಹರಿದು ಹೋಗುತ್ತದೆ.

ಕುಳ್ಳರೆಲ್ಲ ಸಜ್ಜನರೆಂದಲ್ಲ.
ನೂರ ನಲವತ್ತಾರನೆಯವನು ಗದ್ದಲ ತಣಿಸುತ್ತಾನೆ.
ನೂರ ಐವತ್ತೈದನೆಯವನು ತಣಿಸುವವರ ಬಾಯಿಯನ್ನೇ ಮುಚ್ಚಿ
ಉರಿಗೆ ದಾರಿ ಬಿಡುತ್ತಾನೆ.
ಬೆರಳು ಅದೇ, ಯಾರ ತುಟಿಯ ಮೇಲೆ ಎಂಬುದು ಬೇರೆ.
ಮೌನ ಬಂಗಾರ ಎನ್ನುವವರು
ಯಾರ ಮೌನ ಎಂದು ಕೇಳುವುದಿಲ್ಲ.
ನಿನಗೆ ಇದನ್ನು ನಾನು ಹೇಳಬೇಕೆ?

ಎಷ್ಟೋ ವರ್ಷ ಇವರನ್ನು ಕಸವೆಂದು ಚೆಲ್ಲಿದೆವು.
ಜೆಲ್ಲಿನ ತಳದಲ್ಲಿ ಮಸುಕು ಹೊಗೆಯಂತೆ ಕಾಣುತ್ತಿದ್ದರು.
ಮುರಿದ ಚೂರೆಂದು ಕತ್ತರಿಸಿ ಬಿಸಾಡಿದ ಕೈಗಳಲ್ಲಿ
ನನ್ನವೂ ಎರಡು.
ಮೊದಲು ಸಿಕ್ಕಿದ್ದು ಒಂದು ಹುಳದಲ್ಲಂತೆ.
ಐಲಿಗೆ ಹೇಳಿದರೆ ಕೇಳುತ್ತಾಳೆ:
"ಹುಳಕ್ಕೂ ಉಬ್ಬಸವಿತ್ತಾ ಅಜ್ಜಿ?"

ನಿನ್ನೆ ಎಣಿಕೆ ಬಂತು.
ನಿನ್ನ ಸಂಖ್ಯೆ, ಅವಳ ಸಂಖ್ಯೆ, ಒಂದೇ ಹಾಳೆಯಲ್ಲಿ.
ಒಂದೇ ವಂಶದ ರಕ್ತ, ನಡುವೆ ಮುಳ್ಳುತಂತಿ.
ನಿನ್ನ ಸಾಲಿನಲ್ಲಿ ತಣಿಸುವವರು ಹೆಚ್ಚೆಂದು ನನ್ನ ಕಣ್ಣು ಓದಿತು.
ಹನ್ನೊಂದು ಟ್ಯೂಬಿನಿಂದ ಏನನ್ನೂ ಹೇಳಕೂಡದು
ಎಂದು ಡಾಕ್ಟರ್ ಪಾಯ್ವಿನೆನ್ ಗದರಿದರು.
ಸರಿ, ಹೇಳುವುದಿಲ್ಲ.
ದನದ ಕೊಟ್ಟಿಗೆಯೋ, ಬಾವಿಯ ನೀರೋ, ನೀನು ತೊಳೆಯದ ಆ ಕೈಯೋ,
ಬರೀ ಅದೃಷ್ಟವೋ,
ನಿನ್ನ ಮೈಗೆ ಯಾರು ಕಲಿಸಿದರು
ನೆಂಟನನ್ನೂ ಕಳ್ಳನನ್ನೂ ಬೇರೆ ಮಾಡಿ ನೋಡುವುದನ್ನು?

ಈಗ ಮೂರು ಗಂಟೆ. ಹೊರಗೆ ಆಗಲೇ ಬೆಳಕು ಹರಿಯುತ್ತಿದೆ.
ಐಲಿ ನನ್ನ ತೊಡೆಗೆ ಒರಗಿದ್ದಾಳೆ,
ಬಾಗಿಲ ಸದ್ದು ಸಣ್ಣಗಾಗುತ್ತಿದೆ.
ಕಿಟಕಿ ಮುಚ್ಚಿದ್ದೇನೆ. ಆದರೂ ಅಂಚಿನಲ್ಲಿ ಹಳದಿ ಕೂತಿರುತ್ತದೆ.
ಒದ್ದೆ ಬಟ್ಟೆಯಿಂದ ಒರೆಸಬೇಕು,
ಅವಳು ಎದ್ದು, ಅದರ ಮೇಲೆ
ಬೆರಳಿನಿಂದ ತನ್ನ ಹೆಸರು ಬರೆಯುವ ಮೊದಲು.